ಅಪ್ಪ ಹದ ಮಾಡಿದ ಸ್ಪೀಕರ್‌ಗಳು

ಜೂನ್ 3

ಅಪ್ಪಾ,

ಬಂತು! ಬಂತು, ಬಂತು! ಬೆಳಗ್ಗೆ ಹತ್ತು ಗಂಟೆಗೆ ಕೊರಿಯರ್‌ನವರು ನಿನ್ನ ಸ್ಪೀಕರಿನ ಎರಡು ಪೆಟ್ಟಿಗೆಗಳನ್ನು ಬಾಗಿಲಲ್ಲಿಟ್ಟು ಹೋದರು. ನೀನು ಅವಕ್ಕೆ ಸುತ್ತಿದ್ದ ಹಳೆಯ ಕಂಬಳಿ ಬಿಚ್ಚುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಎಂಥ ಚೆಂದ ಅಪ್ಪಾ! ಆ ಮರದ ಬಣ್ಣ, ಆ ಉರುಟು ಅಂಚು! ನಾನು ಎರಡನ್ನೂ ತಬ್ಬಿಕೊಂಡೆ, ನಿಜವಾಗಿ. ನಿನ್ನ ಅಳಿಯ ನೋಡಿ, "ನನ್ನನ್ನೂ ಹೀಗೆ ತಬ್ಬಿಕೊಂಡಿಲ್ಲ ನೀನು" ಅಂದ. ಮದುವೆಗೆ ನಮಗೆ ಬಂದಿದ್ದು ಹನ್ನೊಂದು ಗೋಡೆ ಗಡಿಯಾರ. ಯಾರಾದರೂ ತಮ್ಮ ಕೈಯಾರೆ ಮಾಡಿಕೊಟ್ಟದ್ದು ಅಂದರೆ ಇದೊಂದೇ.

ನೀನು ಬರೆದ ನಾಲ್ಕು ಪುಟದ ಸೂಚನೆಯನ್ನು ಇವನೇ ಜೋರಾಗಿ ಓದಿ ಹೇಳಿದ. ನನ್ನ ಇಂಗ್ಲಿಷ್ ಶಾಲೆಯ ಕನ್ನಡಕ್ಕೆ ನಿನ್ನ ಕೈಬರಹ ಸುಲಭವಾಗಿ ಬಗ್ಗುವುದಿಲ್ಲ, ನಿನಗೇ ಗೊತ್ತು. ಎಲ್ಲವನ್ನೂ ಹೇಳಿದ ಹಾಗೇ ಮಾಡಿದೆವು. ಕಂಪ್ಯೂಟರ್ ಮೇಜಿನ ಆಚೆಗೊಂದು ಈಚೆಗೊಂದು ಇಟ್ಟೆವು, ವೈರ್ ಚುಚ್ಚಿದೆವು, ಕೆಂಪು ದೀಪ ಹತ್ತಿತು, ಕೂಗಿ ಕುಣಿದೆವು, ಹಾಡು ಹಾಕಿದೆವು. ಒಂದು ಚೂರೂ ಸದ್ದಿಲ್ಲ!

ಏನು ಮಾಡಲಿ? ಫೋನ್ ಮಾಡಿದರೆ ಅಮ್ಮನೇ ಎತ್ತುತ್ತಾಳೆ. ನೀನು ಅಂಗಡಿಯಲ್ಲಿದ್ದೀಯ ಅನ್ನುತ್ತಾಳೆ. ಬೇಗ ಬರಿ. ಈ ಮನೆ ಎಷ್ಟು ಚೆನ್ನಾಗಿದೆ ಗೊತ್ತಾ, ಎಲ್ಲ ಎಷ್ಟು ಚೆನ್ನಾಗಿದೆ ಗೊತ್ತಾ, ಇದೊಂದು ಹಾಡಿಬಿಟ್ಟರೆ ಸ್ವರ್ಗವೇ!

ನಿನ್ನ ಗಿಣಿ


ಜೂನ್ 7

ಗಿಣೀ,

ನಿನ್ನ ಪತ್ರದಲ್ಲಿ ಆಶ್ಚರ್ಯಸೂಚಕ ಚಿಹ್ನೆಗಳನ್ನು ಎಣಿಸಲು ಹೋಗಿ ಸೋತೆ. ಆದರೆ ವೈರನ್ನು ಯಾವ ತೂತಿಗೆ ಚುಚ್ಚಿದೆ ಎನ್ನುವುದು ಎಲ್ಲೂ ಇಲ್ಲ. ಕಂಪ್ಯೂಟರಿನ ಹಿಂದೆ ಗುಲಾಬಿ ತೂತು ಮೈಕಿಗೆ, ಹಸಿರು ತೂತು ಸ್ಪೀಕರಿಗೆ. ನೀನು ಗುಲಾಬಿಗೆ ಚುಚ್ಚಿರುತ್ತೀಯ, ಯಾಕೆಂದರೆ ಅದು ಗುಲಾಬಿ. ಸೂಚನೆಯ ಎರಡನೇ ಪುಟದ ಮೊದಲ ಸಾಲಿನಲ್ಲೇ ಇದನ್ನು ಬರೆದು ಅಡಿಗೆರೆ ಎಳೆದಿದ್ದೇನೆ.

ಕನೆಕ್ಷನ್ ವಿಷಯಕ್ಕೆ ಫೋನ್ ಮಾಡಬೇಡ. ಬರೆದು ಕಳಿಸಿದರೆ ಕಾಗದ ಮುಂದಿಟ್ಟುಕೊಂಡು ಕೆಲಸ ಮಾಡಬಹುದು.

ಸದ್ದು ಬಂದ ಮೇಲೆ ಒಂದು ಕೆಲಸ ಮಾಡು. ಕಂಪ್ಯೂಟರಿನಿಂದ, ನಿನ್ನ ಫೋನಿನಿಂದ, ಅಳಿಯಂದಿರ ಟ್ಯಾಬಿನಿಂದ, ಮೂರರಿಂದಲೂ ಒಂದೇ ಹಾಡು ಹಾಕು. ಫೋನಿಗೂ ಟ್ಯಾಬಿಗೂ ಬ್ಲೂಟೂತ್ ಕೂರಿಸಿಕೊಟ್ಟಿದ್ದೇನೆ. ಒಂದರಲ್ಲಿ ಮಾತ್ರ ತೊಂದರೆ ಕಂಡರೆ ತಪ್ಪು ಆ ಸಾಧನದ್ದು. ಮೂರರಲ್ಲೂ ಕಂಡರೆ ತಪ್ಪು ನನ್ನದು. ಹೇಗೆ ಕೇಳಿಸಿತು ಎಂದು ಉಪ್ಪುಖಾರ ಹಚ್ಚದೆ ಬರಿ.

ಯಾಕೆ ಇಷ್ಟು ಹೇಳುತ್ತೇನೆಂದರೆ, ಕಾಲೇಜಿನವರು ಹೊಸ ಸಭಾಂಗಣ ಕಟ್ಟಿದ್ದಾರೆ. ಆರುನೂರು ಕುರ್ಚಿ. ಧ್ವನಿ ವ್ಯವಸ್ಥೆಯನ್ನು ನೀವೇ ಹದ ಮಾಡಿಕೊಡಬೇಕು ಎಂದು ಪ್ರಿನ್ಸಿಪಾಲರು ಅಂಗಡಿಗೇ ಬಂದು ಕೇಳಿದರು. ಮೂವತ್ತೆಂಟು ವರ್ಷ ಮದುವೆ, ಜಾತ್ರೆಗಳಲ್ಲಿ ಬೆಳಗ್ಗೆ ಸ್ಪೀಕರ್ ಕಟ್ಟಿ ಸಂಜೆ ಬಿಚ್ಚಿ ತಂದವನು ನಾನು. ನಾನು ಹದ ಮಾಡಿದ್ದು ಗೋಡೆಯ ಮೇಲೇ ಉಳಿಯುವ ಕೆಲಸ ಇದೇ ಮೊದಲು. ಒಪ್ಪುತ್ತೇನೋ ಇಲ್ಲವೋ ಎಂದು ತಿಂಗಳ ಕೊನೆಗೆ ಹೇಳಬೇಕು. ಈ ಜೋಡಿಯನ್ನು ಪೂರ್ತಿ ಕಿವಿಯಿಂದಲೇ ಹದ ಮಾಡಿದ್ದೇನೆ. ಬೇರೆಯವರ ಮನೆಯಲ್ಲಿ ಹೇಗೆ ಕೇಳುತ್ತದೆ ಎಂದು ತಿಳಿದ ಮೇಲೆ ಅವರಿಗೆ ಉತ್ತರ ಕೊಡುತ್ತೇನೆ.

ಅಪ್ಪ


ಜೂನ್ 9

ಅಪ್ಪಾ,

ಗುಲಾಬಿಗೇ ಚುಚ್ಚಿದ್ದೆ. ನಗಬೇಡ.

ಸಭಾಂಗಣ! ಆರುನೂರು ಕುರ್ಚಿ! ನಾನಂತೂ ಶಾಲೆಯಲ್ಲಿ ಎಲ್ಲರಿಗೂ ಹೇಳಿಬಿಟ್ಟೆ. ನನ್ನ ಕ್ಲಾಸಿನ ನಾಲ್ಕು ವರ್ಷದ ಮಕ್ಕಳೆಲ್ಲ ನಿನಗಾಗಿ ಚಪ್ಪಾಳೆ ತಟ್ಟಿದರು.

ಈಗ ವರದಿ. ಮೊದಲು ಫೋನಿನ ಬ್ಲೂಟೂತ್ ಹಚ್ಚಿದೆ. 'ಕನೆಕ್ಟೆಡ್' ಅಂತ ಬಂತು. ಹಾಡು ಹಾಕಿದೆ, ಸದ್ದಿಲ್ಲ. ಜೋರು ಮಾಡಿದೆ. ಇನ್ನೂ ಜೋರು ಮಾಡಿದೆ. ಪೂರ್ತಿ ಮಾಡಿದೆ. ಬಾಗಿಲು ದಬದಬ ಬಡಿದ ಸದ್ದು. ಕೆಳಗಿನ ಮನೆಯ ವಕೀಲರು, ಅರ್ಧ ಗಡ್ಡಕ್ಕೆ ನೊರೆ, ಅರ್ಧ ಗಡ್ಡ ಬೋಳು.

"ಅಮ್ಮಾ ತಾಯಿ, ನನ್ನ ಟಿವಿಯಲ್ಲಿ ಹಾಡ್ತಿರೋದು ನೀವೇನಾ?"

"ಇಲ್ಲವಲ್ಲ ಸರ್!"

"ಪರದೆ ಮೇಲೆ 'ಗಿಣಿಯ ಫೋನ್' ಅಂತ ಬರ್ತಿದೆ. ಈ ಕಟ್ಟಡದಲ್ಲಿ ಇನ್ನೆಷ್ಟು ಗಿಣಿ ಇದ್ದಾವೆ?"

ನಿನ್ನ ಅಳಿಯ ಅಡುಗೆಮನೆಗೆ ಓಡಿಹೋಗಿ ನಕ್ಕ. ನಾನೊಬ್ಬಳೇ ಕ್ಷಮೆ ಕೇಳಿದೆ. ಎಂಥ ಗಂಡ ನೋಡು!

ಕೊನೆಗೂ ನಮ್ಮ ಸ್ಪೀಕರಿನಲ್ಲೇ ಸದ್ದು ಬಂತು, ಅಪ್ಪಾ! ದಪ್ಪ ದನಿ ಎಷ್ಟು ಚೆಂದ ಅಂದರೆ ಮೇಜು ಮುಟ್ಟಿದರೆ ಅಂಗೈಗೆ ಗೊತ್ತಾಗುತ್ತದೆ. ಒಂದೇ ಒಂದು ಸಣ್ಣ ವಿಷಯ. ಸಣ್ಣ ದನಿಗಳು ಸ್ವಲ್ಪ ಚೂಪು. ಹಾಡಿನಲ್ಲಿ 'ಸ' ಬಂದಾಗಲೆಲ್ಲ ಯಾರೋ ಕಿವಿಯ ಪಕ್ಕದಲ್ಲಿ ಬಟ್ಟೆ ಹರಿದ ಹಾಗೆ. ಇವನು ಹಲ್ಲಿನ ಡಾಕ್ಟರಲ್ಲವೇ, "ದಿನವಿಡೀ ಡ್ರಿಲ್ ಕೇಳಿ ಮನೆಗೆ ಬರ್ತೀನಿ, ಇಲ್ಲೂ ಡ್ರಿಲ್ಲಾ?" ಅಂತ ಕಿವಿ ಮುಚ್ಚಿಕೊಂಡ. ಅವನದು ಅತಿ. ಮೂರು ಸಾಧನದಲ್ಲೂ ಹಾಕಿದೆ. ಮೂರರಲ್ಲೂ ಹಾಗೇ. ನಾನೇ ಏನೋ ತಪ್ಪು ಮಾಡಿರಬೇಕು, ಅಲ್ಲವಾ?

ಗಿಣಿ


ಜೂನ್ 14

ಗಿಣೀ,

ಚೂಪಾಗಿರಲು ಸಾಧ್ಯವಿಲ್ಲ. ಇಲ್ಲಿ ನಾಲ್ಕು ವಾರ ಕೇಳಿದ್ದೇನೆ. ನನಗೆ ಕೊಂಚ ಮಂಕಾಗಿಯೇ ಕೇಳಿಸಿತ್ತು. ಆದ್ದರಿಂದಲೇ ಸಣ್ಣ ದನಿಯ ಟ್ವೀಟರನ್ನು ಎರಡು ಸಲ ಎತ್ತಿ ಹದ ಮಾಡಿದೆ. ಯಾರೂ ಕೈಯಾಡಿಸದಿರಲಿ ಎಂದು ಪೆಟ್ಟಿಗೆಗೆ ದನಿ ಹದ ಮಾಡುವ ತಿರುಗಣೆಯನ್ನೂ ಇಟ್ಟಿಲ್ಲ.

ತಪ್ಪು ಎಲ್ಲಿದೆ ಎಂದು ಹೇಳುತ್ತೇನೆ. ಫೋನಿನಿಂದ ಗಾಳಿಯಲ್ಲಿ ಬರುವ ಹಾಡು ಹಿಂಡಿ ಒಣಗಿಸಿದ ಬಟ್ಟೆಯ ಹಾಗೆ, ಅದರಲ್ಲಿ ಜೀವ ಇರುವುದಿಲ್ಲ. ಟ್ಯಾಬಿನ ಹಾಡುಗಳು ಎಲ್ಲಿಂದಲೋ ಇಳಿಸಿಕೊಂಡ ಅಗ್ಗದ ಫೈಲುಗಳು. ಕಂಪ್ಯೂಟರಿನ ಸೌಂಡ್ ಕಾರ್ಡ್ ಹಳೆಯದು. ಹೀಗೆ ಮೂರಕ್ಕೂ ಬೇರೆ ಬೇರೆ ಕಾಯಿಲೆ, ಸಣ್ಣ ದನಿ ಪೂರ್ತಿ ಬಾರದೆ ಒಡೆದು ಚುಚ್ಚುತ್ತಿದೆ.

ಕಂಪ್ಯೂಟರಿನ ಪ್ಲೇಯರಿನಲ್ಲಿ ಈಕ್ವಲೈಸರ್ ತೆರೆ. ಹತ್ತು ಗೆರೆಗಳಿವೆ. ಎಡಗಡೆಯವು ದಪ್ಪ ದನಿ, ಬಲಗಡೆಯವು ಸಣ್ಣ ದನಿ. ಬಲಗಡೆಯ ಮೂರನ್ನೂ ಅರ್ಧಕ್ಕಿಂತ ಮೇಲಕ್ಕೆ ಎತ್ತು. ದನಿ ತೊಳೆದಿಟ್ಟ ಹಾಗೆ ಆಗುತ್ತದೆ.

ಅಳಿಯಂದಿರು ಡ್ರಿಲ್ ಕೇಳಿ ಕೇಳಿ ಕಿವಿ ಸೂಕ್ಷ್ಮ ಮಾಡಿಕೊಂಡಿರಬಹುದು. ನನ್ನದು ಮೂವತ್ತೆಂಟು ವರ್ಷದ ಕಿವಿ.

ಮಾಡಿ ಬರಿ. ಪ್ರಿನ್ಸಿಪಾಲರು ಎರಡು ಸಲ ಕೇಳಿಯಾಯಿತು.

ಅಪ್ಪ


ಜೂನ್ 16

ಅಪ್ಪಾ!

ಈಕ್ವಲೈಸರ್ ತೆರೆದು ಬಲಗಡೆಯ ಗೆರೆಗಳನ್ನು ಸರಿಸಿದೆ. ಈಗ ಸೂಪರ್! ಜೇನು! ಕಂಪ್ಯೂಟರಿನಲ್ಲಿ ಮಾತ್ರ ಹಾಕುತ್ತೇವೆ, ಫೋನಿನ ಉಸಾಬರಿಯೇ ಬೇಡ ಅಂತ ತೀರ್ಮಾನ ಮಾಡಿದ್ದೇವೆ. ಇವನೂ ಕಿವಿ ಮುಚ್ಚಿಕೊಳ್ಳುವುದು ಬಿಟ್ಟಿದ್ದಾನೆ. ನಿನ್ನ ಹಾಗೆ ಹದ ಮಾಡುವವರು ಯಾರೂ ಇಲ್ಲ. ನೀನು ಒಪ್ಪಿಕೋ, ಒಪ್ಪಿಕೋ, ಒಪ್ಪಿಕೋ!

ಉಳಿದದ್ದೆಲ್ಲ ತುಂಬಾ ತುಂಬಾ ಚೆನ್ನಾಗಿದೆ.

ಗಿಣಿ


ಜೂನ್ 20

ಮಗಳೇ,

ನಿನ್ನ ಪತ್ರ ಬಂದ ದಿನವೇ ಕಾಲೇಜಿಗೆ ಹೋಗಿ ಒಪ್ಪಿಕೊಂಡು ಬಂದೆ. ಜುಲೈ ಹದಿನೆಂಟಕ್ಕೆ ಉದ್ಘಾಟನೆ. ಕೊಳಲು ಕಛೇರಿ ಇಟ್ಟುಕೊಂಡಿದ್ದಾರೆ.

ಹಿಂದೆ ನನ್ನ ಹತ್ತಿರ ಕೆಲಸ ಕಲಿತ ಹುಡುಗಿ ಈಗ ಸ್ವಂತ ಅಂಗಡಿ ಇಟ್ಟಿದ್ದಾಳಲ್ಲ, ಅವಳೂ ಈ ಕೆಲಸ ಕೇಳಿದ್ದಳಂತೆ. ಅವಳು ಕೋಣೆಯ ಮಧ್ಯೆ ಒಂದು ಮೈಕ್ ನಿಲ್ಲಿಸಿ ಕಂಪ್ಯೂಟರಿನ ಪರದೆಯಲ್ಲಿ ಗೆರೆ ನೋಡಿಕೊಂಡು ಹದ ಮಾಡುತ್ತಾಳೆ. ಕಣ್ಣಿನಲ್ಲಿ ಕೇಳುವವರ ಕಾಲ ಇದು. ನನಗೆ ಕಿವಿ ಸಾಕು ಎಂದು ಪ್ರಿನ್ಸಿಪಾಲರಿಗೆ ಹೇಳಿದೆ. ಅವರು ನಕ್ಕು ಕೈ ಕುಲುಕಿದರು.

ನಿನ್ನೆ ಖಾಲಿ ಸಭಾಂಗಣದಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದೆ. ಹೊಸ ಕಟ್ಟಡದ ವಾಸನೆ. ಕುರ್ಚಿಗಳಿಗೆ ಇನ್ನೂ ಪ್ಲಾಸ್ಟಿಕ್ ಹೊದಿಕೆ. ಬಹಳ ವರ್ಷಗಳ ಮೇಲೆ ಶಿಳ್ಳೆ ಹಾಕಿಕೊಂಡು ಮನೆಗೆ ಬಂದೆ. ನೀನು ನಿಜ ಹೇಳದಿದ್ದರೆ ನಾನು ಕೈಚೆಲ್ಲುತ್ತಿದ್ದೆ.

ಅಪ್ಪ


ಜೂನ್ 29

ಅಪ್ಪಾ,

ಹದಿಮೂರು ದಿನ ಬರೆಯಲಿಲ್ಲ. ಶಾಲೆಯಲ್ಲಿ ತುಂಬಾ ಕೆಲಸ.

ಒಂದು ಮಾತು. ಸಭಾಂಗಣದ ಕೆಲಸ ದೊಡ್ಡದು. ನಿನ್ನ ಆ ಶಿಷ್ಯೆಯನ್ನು ಒಮ್ಮೆ ಕರೆದು ಕೇಳಿಸಿದರೆ ತಪ್ಪೇನು? ಸುಮ್ಮನೆ, ಇನ್ನೊಂದು ಜೊತೆ ಕಿವಿ ಇರಲಿ ಅಂತ. ಮತ್ತೆ ಇವನ ಆಸ್ಪತ್ರೆಯವರು ನಿಮ್ಮ ಊರಿನ ಕಡೆ ಕಿವಿ ತಪಾಸಣೆಯ ಶಿಬಿರ ಮಾಡುತ್ತಿದ್ದಾರಂತೆ. ಅಮ್ಮನನ್ನೂ ಕರೆದುಕೊಂಡು ನೀನೂ ಹೋಗಿ ಬಾ. ಈಗ ಎಲ್ಲರೂ ಮಾಡಿಸಿಕೊಳ್ಳುತ್ತಾರೆ, ಫ್ಯಾಷನ್ ಆಗಿಬಿಟ್ಟಿದೆ.

ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದೆ. "ಹಿಂದಿನಿಂದ ಕರೆದ್ರೆ ತಿರುಗಿಯೂ ನೋಡಲ್ಲ ಕಣೇ ಈ ಮನುಷ್ಯ. ದೊಡ್ಡ ಹಾಲ್ ಸಿಕ್ಕಿದ್ದೇ ಸಿಕ್ಕಿದ್ದು, ಕೊಂಬು ಬಂದಿದೆ" ಅಂತ ಬೈಯುತ್ತಿದ್ದಳು. ನಾನು ನಕ್ಕೆ. ಆಮೇಲೆ ನಗು ಬರಲಿಲ್ಲ.

ಗಿಣಿ


ಜುಲೈ 2

ಗಿಣೀ,

ಹಲ್ಲಿನ ಆಸ್ಪತ್ರೆಯವರಿಗೆ ನನ್ನ ಕಿವಿಯ ಚಿಂತೆ ಯಾವಾಗಿನಿಂದ? ನಿಮ್ಮಮ್ಮ ಅಡುಗೆಮನೆಯ ಫ್ಯಾನ್ ಹಾಕಿಕೊಂಡು ಗೋಡೆಯ ಕಡೆ ಮುಖ ಮಾಡಿ ಗೊಣಗಿದರೆ ದೇವರಿಗೂ ಕೇಳಿಸುವುದಿಲ್ಲ.

ಸ್ಪೀಕರ್ ಚೆನ್ನಾಗಿದೆ ಎಂದು ನೀನೇ ಬರೆದೆ. ಜೇನು ಎಂದೆ. ಮತ್ತೆ ಈ ಶಿಷ್ಯೆ, ಶಿಬಿರ, ಫ್ಯಾಷನ್ ಎಲ್ಲ ಏನು? ಒಂದು ಪತ್ರದಲ್ಲಿ ಒಂದು ಮಾತು ಬರಿ.

ಸೋಮವಾರದಿಂದ ಗೋಡೆಗೆ ಸ್ಪೀಕರ್ ಏರಿಸುತ್ತೇನೆ.

ಅಪ್ಪ


ಜುಲೈ 4

ಅಪ್ಪಾ,

ಒಂದೇ ಮಾತು ಬರೆಯುತ್ತೇನೆ. ನಾನು ಸುಳ್ಳು ಹೇಳಿದೆ.

ನೀನು ಹೇಳಿದ ಹಾಗೆ ಬಲಗಡೆಯ ಮೂರು ಗೆರೆಗಳನ್ನು ಮೇಲಕ್ಕೆ ಎತ್ತಿದೆ. ಹತ್ತು ಸೆಕೆಂಡು ನಿಲ್ಲಲಾಗದೆ ಇಬ್ಬರೂ ಕೋಣೆಯಿಂದ ಹೊರಗೆ ಓಡಿದೆವು. ಆಮೇಲೆ ಆ ಮೂರನ್ನೂ ತಳದವರೆಗೆ ಎಳೆದೆ. ಆಗ ಇಂಪಾಯಿತು. ಗೆರೆ ಸರಿಸಿದೆ ಅಂತ ಬರೆದೆ, ಯಾವ ಕಡೆಗೆ ಅಂತ ಬರೆಯಲಿಲ್ಲ. ಫೋನಿನಲ್ಲೂ ಟ್ಯಾಬಿನಲ್ಲೂ ಆ ಗೆರೆಗಳು ಸುಲಭವಾಗಿ ಸಿಗುವುದಿಲ್ಲ, ಅದಕ್ಕೇ ಅವುಗಳಲ್ಲಿ ಹಾಕುವುದನ್ನೇ ಬಿಟ್ಟೆವು.

ಇವನು ಆವತ್ತೇ ಹೇಳಿದ. "ಮೂರರಲ್ಲೂ ಇದ್ರೆ ತಪ್ಪು ನನ್ನದು ಅಂತ ನಿಮ್ಮಪ್ಪನೇ ಬರೆದಿದ್ದಾರೆ. ಈಗ ಮೂರಕ್ಕೂ ಬೇರೆ ಬೇರೆ ಕಾಯಿಲೆ ಅಂತಿದ್ದಾರೆ. ಅವರಿಗೆ ಮೇಲಿನ ದನಿ ಕಿವಿಗೆ ಬೀಳ್ತಾ ಇಲ್ಲ. ನಮ್ಮ ದೊಡ್ಡ ಡಾಕ್ಟರಿಗೂ ಹೀಗೇ ಆಗಿತ್ತು, ಡ್ರಿಲ್ ಹಿಡಿದೂ ಹಿಡಿದೂ."

"ನಮ್ಮಪ್ಪನಿಗೆ ಕಿವಿ ಕೇಳಲ್ಲ ಅಂತೀಯಾ?"

"ಕೇಳಲ್ಲ ಅಂದ್ನಾ? ಮೇಲಿನದು ಮಾತ್ರ ಅಂದೆ. ನಿಜ ಬರಿ ಅವರಿಗೆ."

"ಮದುವೆಯಾಗಿ ಎರಡು ತಿಂಗಳಾಗಿಲ್ಲ, ಆಗಲೇ ನಮ್ಮಪ್ಪನ ಮೇಲೆ ಬಂದೆಯಾ?" ಅಂದೆ. ಇನ್ನೂ ಏನೇನೋ ಅಂದೆ. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ನಾನು ಕೂತು ನಿನಗೆ 'ಸೂಪರ್, ಜೇನು' ಅಂತ ಬರೆದೆ. ಅವನ ಮೇಲಿನ ಹಟಕ್ಕೆ ಅರ್ಧ, ನೀನು ಬೇಜಾರು ಮಾಡಿಕೊಳ್ಳಬಾರದು ಅಂತ ಅರ್ಧ. ಶಾಲೆಯಲ್ಲಿ ಮಗು ಏನು ಗೀಚಿ ತಂದರೂ ಸೂಪರ್ ಅಂದು ನಕ್ಷತ್ರ ಅಂಟಿಸುವುದು ನನಗೆ ರೂಢಿಯಾಗಿಬಿಟ್ಟಿದೆ. ಅದನ್ನು ನಂಬಿ ನೀನು ಸಭಾಂಗಣವನ್ನು ಒಪ್ಪಿಕೊಳ್ಳುತ್ತೀಯ ಅಂತ ಗೊತ್ತಿತ್ತು, ಅಪ್ಪಾ. ಗೊತ್ತಿದ್ದೂ ಬರೆದೆ.

ಆರುನೂರು ಜನ ಕಿವಿ ಮುಚ್ಚಿಕೊಳ್ಳುವುದನ್ನು ನೀನು ನೋಡಬಾರದು. ಗೋಡೆಗೆ ಏರಿಸುವ ಮೊದಲು ಕಿವಿ ತೋರಿಸಿಕೊ.

ಗಿಣಿ


ಜುಲೈ 10

ಅಪ್ಪಾ,

ಉತ್ತರವಿಲ್ಲ. ಅಮ್ಮನನ್ನು ಕೇಳಿದರೆ, "ಬೆಳಗ್ಗೆ ಹೋಗ್ತಾರೆ, ಸಂಜೆ ಬರ್ತಾರೆ, ಮುಖ ಗಂಟು ಹಾಕ್ಕೊಂಡು ಊಟ ಮಾಡ್ತಾರೆ. ನಿಮ್ಮಿಬ್ಬರ ನಡುವೆ ಏನು ನಡೀತಿದೆ?" ಅಂತ ನನ್ನನ್ನೇ ಕೇಳುತ್ತಾಳೆ. ನಾನು ಹೇಳಿಲ್ಲ. ಅದನ್ನು ಹೇಳಬೇಕಾದವನು ನೀನು.

ಬೈದು ಬರಿ. ಎರಡು ಪುಟ ಬೈದು ಬರಿ.


ಜುಲೈ 15

ಅಪ್ಪಾ, ಒಂದು ಸಾಲಾದರೂ? ಇನ್ನು ಮೂರೇ ದಿನ ಇದೆ. ಏನು ಮಾಡಿದೆ? ಗೋಡೆಗೆ ಏರಿಸಿದೆಯಾ? ಯಾರಿಗಾದರೂ ಕೇಳಿಸಿದೆಯಾ? ಶಾಲೆಯಲ್ಲಿ ಮಕ್ಕಳು ಮಾತಾಡಿಸಿದರೆ ರೇಗುತ್ತಿದ್ದೇನೆ. ಮಾತಿಗೊಮ್ಮೆ ಬೈಯುತ್ತಿದ್ದವನು ಈಗ ಬಾಯಿಗೆ ಬೀಗ ಹಾಕಿಕೊಂಡರೆ ನಾನು ಏನೆಂದು ತಿಳಿದುಕೊಳ್ಳಲಿ?


ಜುಲೈ 19

ಗಿಣೀ,

ಮೂರು ದಿನ ಸಿಟ್ಟಿನಲ್ಲಿದ್ದೆ. ನಿನ್ನ ಮೇಲೆ, ಅಳಿಯಂದಿರ ಮೇಲೆ, ಆ ಸ್ಪೀಕರಿನ ಮೇಲೆ. ನಾಲ್ಕನೇ ದಿನ ಕಿವಿ ಡಾಕ್ಟರ ಹತ್ತಿರ ಹೋದೆ. ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಒತ್ತುತ್ತಾ ಹೋದೆ. ಆಮೇಲೆ ಬಹಳ ಹೊತ್ತು ಒತ್ತಲು ಏನೂ ಇರಲಿಲ್ಲ. ಯಂತ್ರ ಕೆಟ್ಟಿತೇ ಎಂದು ಕೇಳಿದೆ. ಡಾಕ್ಟರು ತಲೆ ಅಲ್ಲಾಡಿಸಿದರು. ಅವರು ಕೊಟ್ಟ ಕಾಗದದಲ್ಲಿ ಗೆರೆ ಎಡದಿಂದ ನೇರವಾಗಿ ಬಂದು, ಬಲಕ್ಕೆ ಹೋದಂತೆ ಬಾವಿಗೆ ಇಳಿಯುತ್ತದೆ. ನಿನಗೆ ಮೇಲಕ್ಕೆ ಎತ್ತು ಎಂದು ಬರೆದಿದ್ದೆನಲ್ಲ, ಸರಿಯಾಗಿ ಆ ಮೂರು ಗೆರೆಯ ದನಿಗಳೇ. ಕಳೆದುಕೊಂಡ ದನಿಯಷ್ಟನ್ನೂ ಪೆಟ್ಟಿಗೆಯಲ್ಲಿ ತುಂಬಿ ನಿನಗೆ ಕಳಿಸಿದ್ದೆ.

ನಾನೂ ಒಂದು ಮುಚ್ಚಿಟ್ಟಿದ್ದೆ. ವರ್ಷದಿಂದ ಅನುಮಾನ ಇತ್ತು. ಫೋನಿನಲ್ಲಿ ನಿನ್ನ ಮಾತು ಅರ್ಧ ಹಿಡಿಯುತ್ತಿರಲಿಲ್ಲ. ಅದಕ್ಕೇ ಬರೆದು ಕಳಿಸು ಎನ್ನುತ್ತಿದ್ದೆ. ಆ ಸ್ಪೀಕರ್ ನಿನಗೆ ಉಡುಗೊರೆ ಹೌದು, ನನಗೆ ಪರೀಕ್ಷೆಯೂ ಹೌದು. ಮಂಕು ಎನಿಸಿದ್ದು ಪೆಟ್ಟಿಗೆಯದೋ ಕಿವಿಯದೋ ಎಂದು ತಿಳಿಯಬೇಕಿತ್ತು. ತಿಳಿಸಲು ನಿನ್ನನ್ನು ನೇಮಿಸಿದೆ ನೋಡು, ಅದು ನನ್ನ ಬುದ್ಧಿ! ಊರಿನಲ್ಲಿ ಇಷ್ಟು ಜನ ಇದ್ದೂ, ಅಮಾವಾಸ್ಯೆಯನ್ನೂ ಹುಣ್ಣಿಮೆ ಎಂದು ಹೊಗಳುವವಳನ್ನು ಆರಿಸಿದೆ.

ಪ್ರಿನ್ಸಿಪಾಲರಿಗೆ ಕಾಗದ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಾನೇ ಶಿಷ್ಯೆಯ ಹೆಸರು ಹೇಳಿದೆ. ಅವಳು ಬಂದಳು. "ಮೇಷ್ಟ್ರೇ, ಹದ ನಾನು ಮಾಡ್ತೀನಿ. ಪ್ರತಿಧ್ವನಿ ಎಲ್ಲಿ ಬಡಿಯುತ್ತೆ, ಪೆಟ್ಟಿಗೆ ಎಲ್ಲಿ ತೂಗುಹಾಕಬೇಕು, ನೀವೇ ತೋರಿಸಬೇಕು. ನನಗೆ ಈ ಗೋಡೆ ಅರ್ಥ ಆಗ್ತಿಲ್ಲ" ಎಂದಳು. ದಯೆಗೆ ಹೇಳಿದಳೋ ನಿಜಕ್ಕೆ ಹೇಳಿದಳೋ ಎಂದು ಎರಡು ದಿನ ಅವಳ ಮುಖ ನೋಡಿದೆ. ಮೂರನೇ ದಿನ ಮೂಲೆಯ ಪೆಟ್ಟಿಗೆಯನ್ನು ತಪ್ಪಾಗಿ ತೂಗುಹಾಕಿದ್ದಳು. ನಿಜಕ್ಕೇ ಹೇಳಿದ್ದಳು. ಬೈದೆ. ಸಮಾಧಾನವಾಯಿತು.

ನಿನ್ನೆ ಉದ್ಘಾಟನೆ. ಮೊದಲ ಸಲ ಕಛೇರಿಯೊಂದರಲ್ಲಿ ಕುರ್ಚಿಯ ಮೇಲೆ ಕೂತಿದ್ದೆ, ಕೊನೆಯ ಸಾಲು, ನಿಮ್ಮಮ್ಮ ಪಕ್ಕದಲ್ಲಿ. ಕೊಳಲಿನವರು ಮೇಲೆ ಮೇಲೆ ಹೋದರು. ಒಂದು ಕಡೆಯಿಂದಾಚೆಗೆ ಅವರ ಬೆರಳು ಮಾತ್ರ ಆಡುತ್ತಿತ್ತು. ನಾನು ಜನರ ಮುಖ ನೋಡುತ್ತಿದ್ದೆ. ಒಬ್ಬರೂ ಹುಬ್ಬು ಗಂಟಿಕ್ಕಲಿಲ್ಲ. ನಿಮ್ಮಮ್ಮನಿಗೆ ಅಲ್ಲೇ ವಿಷಯ ಹೇಳಿದೆ. ಅವಳು ನನ್ನ ಕಡೆ ತಿರುಗಿ, "ಹಾಗಾದ್ರೆ ಒಂದು ವರ್ಷ ಸುಮ್ಮನೆ ಬೈದೆನಲ್ಲ" ಎಂದಳು. "ಕೇಳಿಸಲಿಲ್ಲ, ಬಿಡು" ಎಂದೆ.

ಸ್ಪೀಕರ್ ವಾಪಸ್ ಕಳಿಸು. ಅವಳು ಹದ ಮಾಡಿಕೊಡುತ್ತಾಳೆ.

ಈಗ ನನಗೆ ಬೇರೆ ಯೋಚನೆ ಹತ್ತಿದೆ. ಮದುವೆಯಾದ ಮೇಲೆ ನಿನ್ನಿಂದ ಬಂದ ಅಷ್ಟೂ ಪತ್ರಗಳಲ್ಲಿ 'ಎಲ್ಲ ಚೆನ್ನಾಗಿದೆ' ಎಂದಿದೆ. ಸ್ಪೀಕರೂ ಚೆನ್ನಾಗಿತ್ತು. ಆದ್ದರಿಂದ ಕೇಳುತ್ತಿದ್ದೇನೆ. ಅಲ್ಲಿ ಏನೇನು ಚೆನ್ನಾಗಿಲ್ಲ? ಗೆರೆಯನ್ನು ಯಾವ ಕಡೆಗೂ ಎಳೆಯದೆ ಬರಿ.

ಅಪ್ಪ


ಜುಲೈ 21

ಅಪ್ಪಾ,

ನಿನ್ನ ಪತ್ರವನ್ನು ನಾನೇ ಓದಿದೆ. ಇವನ ಸಹಾಯ ಕೇಳಲಿಲ್ಲ. ಎರಡು ಸಲ ಅತ್ತೆ. ಒಮ್ಮೆ ಕೊಳಲಿನ ಸಾಲು ಬಂದಾಗ, ಒಮ್ಮೆ ಅಮ್ಮನ ಮಾತು ಬಂದಾಗ.

ಸ್ಪೀಕರ್ ನಾಳೆ ಕಳಿಸುತ್ತೇನೆ.

ಚೆನ್ನಾಗಿಲ್ಲದ್ದು ಇವು. ಬಚ್ಚಲಿನ ನೀರು ಸರಿಯಾಗಿ ಹೋಗುವುದಿಲ್ಲ, ಕಾಲು ನೀರಿನಲ್ಲೇ ನಿಂತು ಸ್ನಾನ. ಮದುವೆಯಾದ ಎರಡನೇ ಭಾನುವಾರ ಬಾಗಿಲು ಹಾಕಿಕೊಂಡು ಅತ್ತಿದ್ದೆ, ಕಾರಣ ಈಗ ನೆನಪಿಲ್ಲ, ಆದರೆ ಆವತ್ತು ನಿನಗೆ 'ಸ್ವರ್ಗ' ಅಂತ ಬರೆದಿದ್ದೆ. ನಾನು ಇಪ್ಪತ್ತು ಮಾತು ಆಡಿದರೆ ಇವನು ಒಂದು 'ಹೂಂ' ಅನ್ನುತ್ತಾನೆ. ಗುರುವಾರ ನನಗೆ ಅರ್ಧ ದಿನ ಶಾಲೆ. ಮಧ್ಯಾಹ್ನ ಈ ಮನೆ ನನ್ನದು ಅನ್ನಿಸುವುದಿಲ್ಲ, ಯಾರದೋ ಮನೆಯಲ್ಲಿ ಅವರು ಬರುವವರೆಗೆ ಕೂತಿದ್ದೇನೆ ಅನ್ನಿಸುತ್ತದೆ. ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಅನ್ನುವುದಕ್ಕೆ ವಾರಕ್ಕೆ ಎರಡು ಜಗಳ. ನಿನ್ನ ವಿಷಯದ ಜಗಳಕ್ಕೆ ನಾನು ಕ್ಷಮೆ ಕೇಳಿದ್ದು ನಿನ್ನೆ, ಅಂದರೆ ಐದು ವಾರದ ಮೇಲೆ. ಅವನು "ಹೂಂ" ಅಂದ.

ಇದನ್ನೆಲ್ಲ ಅವನಿಗೆ ಓದಿ ಹೇಳಿದೆ. "ಗುರುವಾರದ್ದು ನನಗೆ ಹೇಳಿರಲಿಲ್ಲ ನೀನು" ಅಂದ. ಹೌದು, ಹೇಳಿರಲಿಲ್ಲ. ಮುಂದಿನ ವಾರದಿಂದ ಗುರುವಾರ ಮಧ್ಯಾಹ್ನ ರೋಗಿಗಳನ್ನು ನೋಡುವುದಿಲ್ಲವಂತೆ. ಸಂಜೆಗೆ ಹಾಕಿಕೊಳ್ಳುತ್ತಾನಂತೆ. ನೋಡೋಣ, ಆಗಲಿ, ಆಮೇಲೆ ಬರೆಯುತ್ತೇನೆ.

ಒಟ್ಟಿನಲ್ಲಿ ಈ ಸಂಸಾರಕ್ಕೆ ಹತ್ತಕ್ಕೆ ಏಳು ಕೊಡುತ್ತೇನೆ, ಅಪ್ಪಾ. ಇವನು ನನಗೆ ಆರು ಕೊಟ್ಟಿದ್ದಾನೆ. ಯಾಕೆ ಆರು ಅಂತ ಕೇಳಿದರೆ ಕಾರಣ ಹೇಳುವುದಕ್ಕೆ ಶುರು ಮಾಡಿದ್ದಾನೆ, ಇನ್ನೂ ನಿಲ್ಲಿಸಿಲ್ಲ.

ಗಿಣಿ